ಅಳತೆಗೆ ಸಿಕ್ಕ ವಿಷ

ಕುಮಟಾದಿಂದ ಸಿರ್ಸಿಗೆ ಹೋಗುವ ದಾರಿಯಲ್ಲಿ ಕತಗಾಲವೆಂಬ ಊರಿದೆ. ಅದು ಅಡಿಕೆ ತೋಟಗಳ ಸೀಮೆ. ಮಳೆಗಾಲ ಬಂತೆಂದರೆ ಇಲ್ಲಿನ ಕೊನೆಗೌಡನು ಮರವೇರಿ, ಎಳೆಯ ಕೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾನೆ. 100 ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ. ಕೊಳೆರೋಗಕ್ಕೆ ಇದು ಮದ್ದೆಂಬುದನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ತೋರಿಸಿಕೊಟ್ಟರು. ಈ ಮದ್ದು ತಾನು ಬಿದ್ದ ಜಾಗವನ್ನು ಬಚ್ಚಿಡುವುದಿಲ್ಲ. ಎಲೆಯ ಮೇಲೂ ಸಿಂಪಡಿಸುವವನ ಅಂಗಿಯ ಮೇಲೂ ನೀಲಿ ಕಲೆಯಾಗಿ ನಿಲ್ಲುತ್ತದೆ.

ಆದರೆ ಎಲ್ಲ ಮದ್ದುಗಳೂ ಹೀಗೆ ಗುರುತು ಉಳಿಸುವುದಿಲ್ಲ. ಕೆಲವು ಕೀಟನಾಶಕಗಳು ಬಣ್ಣವಿಲ್ಲದೆ ಮಣ್ಣು, ನೀರು, ಹಾಲುಗಳಲ್ಲಿ ಅಡಗುತ್ತವೆ. ಅಲ್ಲಿಂದ ಮನುಷ್ಯನ ರಕ್ತವನ್ನೂ ಸೇರುತ್ತವೆ. ಅವುಗಳನ್ನು ಕಂಡುಹಿಡಿಯುವುದು ರಸಾಯನ ವಿಜ್ಞಾನಿಯ ಕೆಲಸ. ಆತನು ನೀರಿನ ಅಥವಾ ರಕ್ತದ ಮಾದರಿಯಿಂದ ವಿಷದ ಉಳಿಕೆಯನ್ನು ದ್ರಾವಕವೊಂದರಲ್ಲಿ ಸೆಳೆದು, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರದೊಳಕ್ಕೆ ಬಿಡುತ್ತಾನೆ. ಅದರ ಉದ್ದನೆಯ ನಳಿಕೆಯಲ್ಲಿ ಹರಿಯುವ ಅನಿಲದೊಂದಿಗೆ ಸಾಗುವ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಬೀಳುತ್ತದೆ. ಕ್ಲೋರಿನ್ ಇರುವ ವಿಷವಾದರೆ ಅದು ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳುವುದರಿಂದ ವಿದ್ಯುತ್ ಪ್ರವಾಹ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಸಾಕ್ಷಿ. ಈ ಶೋಧಕವನ್ನು 1957ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್. ಒಂದು ಟನ್ ನೀರಿನಲ್ಲಿ ಒಂದೇ ಮಿಲಿಗ್ರಾಂ ವಿಷವಿದ್ದರೂ ಅದು ಇಂಥ ಯಂತ್ರದ ಕಣ್ಣು ತಪ್ಪಿಸಲಾರದು.

ಇಷ್ಟು ಸೂಕ್ಷ್ಮವಾದ ಕಣ್ಣಿದ್ದೂ ಮನುಷ್ಯನು ಕುರುಡನಾಗಬಲ್ಲನೆಂಬುದಕ್ಕೆ ಇದೇ ಕರಾವಳಿಯ ದಕ್ಷಿಣದ ಅಂಚಿನಲ್ಲಿರುವ ಕಾಸರಗೋಡು ಸಾಕ್ಷಿಯಾಗಿದೆ. ಅಲ್ಲಿನ ಸರ್ಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಲಾಯಿತು. ಪಡ್ರೆ ಮುಂತಾದ ಊರುಗಳ ತೋಡು, ಬಾವಿ, ಅಂಗಳಗಳ ಮೇಲೆಯೂ ಅದು ಬಿದ್ದಿತು. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲಿಯೇ ಬರೆದರು. ಮುಂದೆ ಆ ಊರಿನ ವೈದ್ಯ ಮೋಹನ್ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳತ್ತ ಬೆರಳು ತೋರಿದರು. ಆದರೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯವು ಪಡ್ರೆಯ ನೀರಿನಲ್ಲಿಯೂ ಜನರ ರಕ್ತದಲ್ಲಿಯೂ ಎಂಡೋಸಲ್ಫಾನ್ ಇದೆಯೆಂದು ಅಳೆದು ಹೇಳಿದ್ದು 2001ರಲ್ಲಿ. ನಡುವೆ ಇಪ್ಪತ್ತೆರಡು ವರ್ಷಗಳು ಕಳೆದುಹೋಗಿದ್ದವು!

ಅಳತೆಯಾದ ಮೇಲೂ ವಾದ ನಿಲ್ಲಲಿಲ್ಲ. ಉಳಿಕೆಯೇ ಇಲ್ಲವೆಂದು ಇನ್ನೊಂದು ಪ್ರಯೋಗಾಲಯ ವರದಿ ಕೊಟ್ಟಿತು. ಆಗ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು ಸಿಂಪರಣೆಯಿಲ್ಲದ ಊರಿನ ಮಕ್ಕಳೊಡನೆ ಹೋಲಿಸಿ ನೋಡಿತು. ಸಿಂಪರಣೆ ನಿಂತು ತಿಂಗಳುಗಳು ಕಳೆದಿದ್ದರೂ ಪಡ್ರೆಯ ಮಕ್ಕಳ ರಕ್ತದಲ್ಲಿ ಉಳಿಕೆ ಹೆಚ್ಚಾಗಿತ್ತು; ಕಲಿಕೆಯ ತೊಂದರೆಗಳೂ ಹೆಚ್ಚಾಗಿದ್ದವು. ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿಗಳಂತೆ ಕತಗಾಲವಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಸರ್ಕಾರ ಗುರುತಿಸಿದ ಪೀಡಿತರಿದ್ದಾರೆ.

ಮದ್ದೇ ಬೇಡವೆಂದು ಹೇಳುವುದು ಸುಲಭ. ಕೊಳೆರೋಗಕ್ಕೆ ಫಸಲನ್ನೆಲ್ಲ ಕಳೆದುಕೊಂಡ ರೈತನಿಗೆ ಆ ಮಾತು ಸಮಾಧಾನ ತಾರದು. ಆದರೆ ಸಿಂಪಡಿಸುವವನು ಒಬ್ಬ, ಆ ನೀರನ್ನು ಕುಡಿಯುವವನು ಇನ್ನೊಬ್ಬನಾದಾಗ, ಮದ್ದು ನಿರಪಾಯಕರವೆಂದು ತೋರಿಸುವ ಹೊಣೆ ಸಿಂಪಡಿಸುವವನ ಮೇಲೆಯೇ ಇರಬೇಕು. ಕುಡಿಯುವವನು ತನ್ನ ಮಗುವಿನ ನೋವನ್ನು ಪುರಾವೆಯಾಗಿ ಹೊತ್ತು ತಿರುಗುವಂತಾಗಬಾರದು. ಬಾವಿಯ ನೀರನ್ನು ಸಿಂಪರಣೆಗೆ ಮೊದಲೊಮ್ಮೆ, ಅನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಬಂದ ಫಲಿತಾಂಶ ಆ ಊರಿನವರಿಗೆ ತಿಳಿಯಬೇಕು. ಕರುವನ್ನು ಕಂಡು ಕಳವಳಗೊಂಡ ಗೋವಳನ ಮಾತನ್ನು ಪುರಾವೆಯಲ್ಲವೆಂದು ತಳ್ಳಿಹಾಕುವುದು ವಿಜ್ಞಾನವಲ್ಲ. ಅದನ್ನು ಪ್ರಶ್ನೆಯಾಗಿ ಸ್ವೀಕರಿಸಿ, ಅಳೆದು ಉತ್ತರ ಹುಡುಕುವುದೇ ವಿಜ್ಞಾನ.

ಯಂತ್ರದ ಕಣ್ಣು ಎಷ್ಟೇ ಚುರುಕಾಗಿದ್ದರೂ ಅದನ್ನು ಎತ್ತ ತಿರುಗಿಸಬೇಕೆಂದು ನಿರ್ಧರಿಸುವವನು ಮನುಷ್ಯನೇ. ಆ ನಿರ್ಧಾರಕ್ಕೆ ಇನ್ನೊಮ್ಮೆ ಇಪ್ಪತ್ತೆರಡು ವರ್ಷ ಹಿಡಿಯಬಾರದು.