ಆ ಕಲ್ಲಿನಲ್ಲಿ ಎಲೆ ಇರಲಿಲ್ಲ



ಈ ಸಲದ ಬರಹ ಒಂದು ತಪ್ಪೊಪ್ಪಿಗೆ. ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತವರಿಗೆ ಪ್ರಯೋಗಾಲಯದ ಗಾಜಿನ ಕಪಾಟು ನೆನಪಿರಬೇಕು. ಅದರಲ್ಲಿ ಅಂಗೈಯಗಲದ ಒಂದು ಸುಣ್ಣಕಲ್ಲಿನ ತುಂಡು. ಅದರ ಮೇಲೆ ಮಸಿಯಲ್ಲಿ ಬರೆದಂತೆ ಜರೀಗಿಡದ ಗರಿ. ಕಲಾದಗಿ ಕಡೆಯ ಹುಡುಗನೊಬ್ಬ ಹೊಲದ ಬದುವಿನಿಂದ ತಂದುಕೊಟ್ಟಿದ್ದ. 'ಸಸ್ಯದ ಪಳೆಯುಳಿಕೆ' ಎಂದು ಚೀಟಿ ಅಂಟಿಸಿದವನು ನಾನೇ. ಪ್ರತಿ ವರ್ಷ ಅದನ್ನು ಕೈಯಿಂದ ಕೈಗೆ ದಾಟಿಸಿ ಪಾಠ ಹೇಳಿದೆ.

ಅದು ಸಸ್ಯವಲ್ಲ. ಕಲ್ಲಿನ ಬಿರುಕಿನಲ್ಲಿ ಜಿನುಗಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಕವಲೊಡೆದು ಬೆಳೆದ ಚಿತ್ತಾರ, ಡೆಂಡ್ರೈಟ್. ಭೂವಿಜ್ಞಾನ ಓದಿದ ಹಳೆಯ ವಿದ್ಯಾರ್ಥಿನಿಯೊಬ್ಬಳು ನಾನು ನಿವೃತ್ತನಾದ ಮೇಲೆ ಮನೆಗೆ ಬಂದು, ಬಹಳ ಸಂಕೋಚದಿಂದ ಇದನ್ನು ಹೇಳಿದಳು.

ಲೆಕ್ಕ ಹಾಕಿದ್ದರೂ ನನಗೆ ಹೊಳೆಯಬೇಕಿತ್ತು. ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ವರದಿಯಲ್ಲಿ ನಮ್ಮ ಕಲಾದಗಿಯ ಹೆಸರಿನಿಂದಲೇ ವಿವರಿಸಿದ ಶಿಲಾಶ್ರೇಣಿ ಇದು. ಇದರ ಸುಣ್ಣಕಲ್ಲಿಗೆ ನೂರು ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ನೆಲದ ಮೇಲೆ ಸಸ್ಯಗಳು ಕಾಣಿಸಿಕೊಂಡು ಸುಮಾರು 47 ಕೋಟಿ ವರ್ಷಗಳಾದವು, ಅಷ್ಟೆ. ಮೊಮ್ಮಗನ ಭಾವಚಿತ್ರ ಮುತ್ತಜ್ಜನ ಪೆಟ್ಟಿಗೆಯಲ್ಲಿ ಹೇಗೆ ಸಿಕ್ಕೀತು? (ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಂತೂ ಹುಡುಕುವುದೇ ಬೇಡ, ಅದು ಕರಗಿದ ಶಿಲೆ ತಣಿದು ಆದದ್ದು.)

ಹಾಗೆಂದು ನಮ್ಮ ಕಲ್ಲು ಬರಿದಲ್ಲ. ಬಾಗಲಕೋಟೆ, ಲೋಕಾಪುರಗಳ ಸುತ್ತಿನ ಡಾಲೊಮೈಟ್ ಮತ್ತು ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಅಡ್ಡ ಕೊಯ್ದ ಉಳ್ಳಾಗಡ್ಡಿಯಂತೆ ಪದರದ ಮೇಲೆ ಪದರ, ಕೆಲವೆಡೆ ಬೋರಲು ಹಾಕಿದ ಬಟ್ಟಲುಗಳ ಸಾಲಿನಂತೆ. ಆಳವಿಲ್ಲದ ಕಡಲಿನ ತಳದಲ್ಲಿ ಸಯಾನೊಬ್ಯಾಕ್ಟೀರಿಯಾಗಳು ಲೋಳೆಯ ಚಾಪೆ ಹಾಸಿದವು. ಅದಕ್ಕೆ ಸುಣ್ಣದ ಕೆಸರು ಅಂಟಿತು. ಬೆಳಕಿಗಾಗಿ ಅವು ಮೇಲೆದ್ದು ಮತ್ತೊಂದು ಚಾಪೆ ಹಾಸಿದವು. 'ನೀಲಿಹಸಿರು ಪಾಚಿ' ಎಂದು ನಾನು ಕಲಿಸಿದ್ದು ಇವನ್ನೇ, ಆದರೆ ಇವು ನಿಜವಾದ ಪಾಚಿಯಲ್ಲ. ಗಿಡಮರಗಳಿಗೆ ಎಷ್ಟೋ ಮೊದಲು ಗಾಳಿಗೆ ಆಮ್ಲಜನಕ ಕೂಡಿಸಿದ ಕುಲ ಇದು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇಂದಿಗೂ ಇಂಥ ದಿಬ್ಬಗಳು ಜೀವಂತವಾಗಿ ಬೆಳೆಯುತ್ತಿವೆ. ಎಲೆಯ ಆಕಾರವಿಲ್ಲವೆಂದು ನಾನು ಇವನ್ನು ತುಳಿದುಕೊಂಡೇ ಓಡಾಡಿದೆ.

ಇಂಥ ಕಲ್ಲನ್ನು ಪದರಕ್ಕೆ ಲಂಬವಾಗಿ ಕೊಯ್ದು, ನಯಗೊಳಿಸಿ, 0.03 ಮಿಲಿಮೀಟರಿನಷ್ಟು ತೆಳ್ಳಗೆ ಸವೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದಖ್ಖನ್ನಿನ ಲಾವಾ ಪದರಗಳ ನಡುವಿನ ನಿಜವಾದ ಸಸ್ಯಾವಶೇಷಗಳನ್ನು ಅಭ್ಯಸಿಸಿದ ಬೀರಬಲ್ ಸಾಹ್ನಿಯವರು 1946ರಲ್ಲಿ ಲಖನೌದಲ್ಲಿ ಇದಕ್ಕೆಂದೇ ಸಂಸ್ಥೆ ಸ್ಥಾಪಿಸಿದರು. ಆದರೆ ಯಾವ ಊರು, ಯಾವ ಪದರ ಎಂಬ ಟಿಪ್ಪಣಿ ಇಲ್ಲದ ಕಲ್ಲು ಅಲ್ಲಿಗೆ ಹೋದರೂ ಅರ್ಧ ಮೂಕ.

ನಮ್ಮ ಸುಣ್ಣಕಲ್ಲು ಸಿಮೆಂಟಾಗುತ್ತದೆ, ಹಾಸುಗಲ್ಲಾಗುತ್ತದೆ. ಅದನ್ನು ನಿಲ್ಲಿಸಿ ಎನ್ನಲಾರೆ. ನನ್ನ ಮನೆಯೂ ಸಿಮೆಂಟಿನದೇ. ಆದರೆ ಗಣಿಯ ಹೊಸ ಮುಖವನ್ನು ಸಿಡಿಸುವ ಮುನ್ನ ಭೂವಿಜ್ಞಾನಿಯೊಬ್ಬರು ಕಣ್ಣಾಡಿಸಲಿ. ಹೇಗೂ ಒಡೆಯಲಿರುವ ಕಲ್ಲಿನಿಂದ ಒಂದೊಂದು ತುಂಡು, ಸ್ಥಳದ ವಿವರದೊಂದಿಗೆ, ಜಿಲ್ಲೆಯ ಪ್ರತಿ ಪ್ರೌಢಶಾಲೆಗೆ ಬರಲಿ. ಬಯಲಲ್ಲಿ ಇದ್ದಂತೆಯೇ ಇರುವ ದಿಬ್ಬಗಳಿಗೆ ಮಾತ್ರ ಯಾರೂ ಉಳಿ ಹಚ್ಚಬಾರದು, ಮೇಷ್ಟರುಗಳೂ ಸಹ.

ಕಪಾಟಿನ ಆ ತುಂಡನ್ನು ಸದ್ದಿಲ್ಲದೆ ಎಸೆದುಬಿಡಿ ಎಂದರು ಸ್ನೇಹಿತರೊಬ್ಬರು. ನಾನು ಒಪ್ಪಲಿಲ್ಲ. ಕಳೆದ ತಿಂಗಳು ಶಾಲೆಗೆ ಹೋಗಿ, ಹಳೆಯ ಚೀಟಿಯನ್ನು ಕೀಳದೆ ಅದರ ಕೆಳಗೆ ಹೊಸದೊಂದನ್ನು ಅಂಟಿಸಿ ಬಂದೆ: 'ಡೆಂಡ್ರೈಟ್. ಸಸ್ಯವಲ್ಲ. ಮೇಲಿನದು ಶಿಕ್ಷಕರ ತಪ್ಪು.' ಅದನ್ನು ತಂದುಕೊಟ್ಟ ಹುಡುಗ ಇದನ್ನು ಓದುತ್ತಿದ್ದರೆ, ಅದು ಯಾವ ಹೊಲದ ಬದು ಎಂದು ತಿಳಿಸಪ್ಪ. ಚೀಟಿಯಲ್ಲಿ ಸ್ಥಳದ ಜಾಗ ಇನ್ನೂ ಖಾಲಿ ಇದೆ.