ಕಡತದಲ್ಲಿಲ್ಲದ ಶೌರ್ಯ

ನಮ್ಮ ಸಂಘದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಈ ಊರಿನಲ್ಲಿ ಕನ್ನಡಿಗರನ್ನು ಯಾರೂ ಗುರುತಿಸುವುದಿಲ್ಲ.” ನಾನು ಕೇಂದ್ರ ಸರ್ಕಾರದ ಗುಮಾಸ್ತ. ಕಡತದಲ್ಲಿಲ್ಲದ್ದು ನಡೆದೇ ಇಲ್ಲ ಎಂಬುದು ಕಚೇರಿಯ ನ್ಯಾಯ. ಇತಿಹಾಸದ ನ್ಯಾಯವೂ ಅದೇ. ಹಾಗಾದರೆ ನಮ್ಮ ಕಡತ ಎಲ್ಲಿದೆ?

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನೇ ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ ಅವರು ಶತ್ರುವಿನ ಸ್ಟಾರ್‌ಫೈಟರನ್ನು ಕೆಡವಿದ ಸಂಗತಿ ಹೊರಬಿದ್ದದ್ದು, 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. ಅದೂ ಎದುರಾಳಿಯ ಕಡೆಯ ವಿವರಗಳಿಂದ! ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಮೇಲೆ. ನಮ್ಮ ಮನೆಯ ಮಕ್ಕಳು ಅವರ ಹೆಸರು ಕೇಳಿದ್ದು 2025ರಲ್ಲಿ ಹಿಂದಿ ಚಿತ್ರ ಬಂದ ಮೇಲೆ.

“ಇದಕ್ಕೆಲ್ಲ ಆಕಾಶವಾಣಿ ಇದೆ, ಸರ್ಕಾರವಿದೆ” ಎನ್ನುವವರುಂಟು. ಸ್ವಾಮಿ, 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ತೆರೆದದ್ದು ತಮ್ಮ ಮನೆಯಲ್ಲೇ. ಆ ಮನೆಯ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ಮಂಜೂರಾತಿ ಬರಲೆಂದು ಅವರು ಕಾದು ಕುಳಿತಿದ್ದರೆ? ಇನ್ನು ಪುಣೆಯಲ್ಲೇ ನೋಡಿ: ರಾಜವಾಡೆಯವರು ಊರೂರು ತಿರುಗಿ ಹಳೆಯ ಕಾಗದಪತ್ರ ಕೂಡಿಹಾಕಿದರು, 1910ರಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಹುಟ್ಟಿತು. ಅದೇ ಊರಿನ ನೀರು ಕುಡಿದು ನಾವೇನು ಕಲಿತೆವು?

ಪರರನ್ನು ದೂರುವ ಹಕ್ಕು ನನಗೂ ಇಲ್ಲ. ಖಡಕಿಯಲ್ಲಿ ನಮ್ಮ ನೆರೆಮನೆಯವರು ಬೆಳಗಾವಿ ಜಿಲ್ಲೆಯ ನಿವೃತ್ತ ಹವಾಲ್ದಾರರು. 1971ರ ಯುದ್ಧದ ಸಂಗತಿಗಳನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. “ಬರೋ ಭಾನುವಾರ ರೆಕಾರ್ಡ್ ಮಾಡೋಣ, ಕಾಕಾ” ಎಂದು ಎರಡು ವರ್ಷ ಹೇಳಿದೆ. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಯಂತ್ರ ನನ್ನ ಕಿಸೆಯಲ್ಲೇ ಇತ್ತು. ಬಿಡುವು ಮಾತ್ರ ಇರಲಿಲ್ಲ. ಅವರ ಮಗ ನನ್ನಲ್ಲಿ ತಂದೆಯ ದನಿ ಇದೆಯೇ ಎಂದು ಕೇಳಿದಾಗ ತಲೆ ತಗ್ಗಿಸಿದೆ.

ರಾಜ್ಯೋತ್ಸವದ ಆರ್ಕೆಸ್ಟ್ರಾ, ಊಟ ಬೇಡವೆನ್ನುವುದಿಲ್ಲ. ಆದರೆ ತಿಂಗಳಿಗೊಬ್ಬ ಹಿರಿಯರ ಮನೆಗೆ ಹೋಗಿ ಒಂದು ತಾಸಿನ ಮಾತು ಹಿಡಿದಿಡುವುದು ಸಂಘಕ್ಕೆ ಭಾರವೇ? ಹೆಸರು, ಊರು, ದಿನಾಂಕ ಬರೆದು ಎರಡು ಪ್ರತಿ ಇಟ್ಟರೆ ಸಾಕು. ಮೊದಲ ಕಡತ ನಾನೇ ತೆರೆಯುತ್ತೇನೆ. ಇಷ್ಟೂ ಆಗದಿದ್ದರೆ, ಯಾರೂ ಗುರುತಿಸಲಿಲ್ಲ ಎಂಬ ದೂರನ್ನಾದರೂ ನಿಲ್ಲಿಸೋಣ.