ಮಕ್ಕಳ ಭಾಷೆ ಬಾರದ ಮಾಸ್ಟ್ರು

ಕಳೆದ ರಜೆಯಲ್ಲಿ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಶಾಲೆಗೆ ಬಂದಿದ್ದ. ದಕ್ಷಿಣ ಕೊರಿಯಾದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ಹೇಳಿದ: "ಸರ್, ಅಲ್ಲಿ ನನ್ನ ಪಕ್ಕದ ಕೋಣೆಯಲ್ಲಿರುವವನೂ ಮಾಸ್ಟ್ರೇ. ಕೆನಡಾದವ. ಇಂಗ್ಲಿಷ್ ಕಲಿಸುತ್ತಾನೆ. ಕೊರಿಯನ್ ಭಾಷೆ ಮಾತ್ರ ಒಂದಕ್ಷರ ಬರುವುದಿಲ್ಲ."

ನಮ್ಮೆಲ್ಲರ ಕಿವಿ ನೆಟ್ಟಗಾಯಿತು. ಮಕ್ಕಳ ಭಾಷೆ ಬಾರದ ಮಾಸ್ಟ್ರ ಕಥೆ ಕಾಸರಗೋಡಿನವರಾದ ನಮಗೆ ಹೊಸತಲ್ಲವಲ್ಲ! ಅದಕ್ಕೇ ಅವನನ್ನು ಬಿಡದೆ ಕೇಳಿದೆವು. ಆಮೇಲೆ ಒಂದಿಷ್ಟು ಓದಿಯೂ ನೋಡಿದೆವು.

ಆ ಕೆನಡಾದವ ಕಲಿಸುವುದು ಹಾಗ್ವನ್‌ನಲ್ಲಿ. ಹಾಗ್ವನ್ ಅಂದರೆ ನಮ್ಮ ಟ್ಯೂಷನ್ ಸೆಂಟರಿನ ದೊಡ್ಡಣ್ಣ. ಗಣಿತಕ್ಕೊಂದು, ಪಿಯಾನೋಕ್ಕೊಂದು, ಟೇಕ್ವಾಂಡೋಕ್ಕೊಂದು, ಇಂಗ್ಲಿಷಿಗೊಂದು. 2024ರಲ್ಲಿ ಅಲ್ಲಿನ ಶಾಲಾ ಮಕ್ಕಳಲ್ಲಿ ಶೇ. 80ರಷ್ಟು ಮಂದಿ ಇಂಥ ಯಾವುದಾದರೊಂದು ಖಾಸಗಿ ಪಾಠಕ್ಕೆ ಹೋಗುತ್ತಿದ್ದರೆಂದು ಸರಕಾರದ್ದೇ ಲೆಕ್ಕ. ಖರ್ಚು 29 ಲಕ್ಷ ಕೋಟಿ ವಾನ್ ದಾಟಿದೆ. ಹಾಗ್ವನ್‌ನಲ್ಲಿ ಇಂಗ್ಲಿಷ್ ಕಲಿಸಲು ಹೊರದೇಶದವರಿಗೆ ಕೊಡುವ ವೀಸಾ ಸಾಮಾನ್ಯವಾಗಿ ಸಿಗುವುದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶದವರಿಗೆ. ಪದವಿ ಯಾವುದಿದ್ದರೂ ನಡೆಯುತ್ತದೆ, ಬಿ.ಎಡ್. ಆಗಿರಲೇಬೇಕೆಂದಿಲ್ಲ.

ಅವನ ದಿನಚರಿ ನಮ್ಮದಕ್ಕೆ ಪೂರಾ ಉಲ್ಟಾ. ನಾವು ಮಧ್ಯಾಹ್ನದ ಗಂಜಿಯೂಟ ಮುಗಿಸಿ ಆಕಳಿಸುವ ಹೊತ್ತಿಗೆ ಅವನ ಕೆಲಸ ಶುರು. ಶಾಲೆ ಬಿಟ್ಟ ಮಕ್ಕಳನ್ನು ಹಳದಿ ವ್ಯಾನುಗಳು ತಂದು ಇಳಿಸುತ್ತವೆ. ಮೊದಲು ಸಣ್ಣ ತರಗತಿಯವರು, ಕತ್ತಲಾದ ಮೇಲೆ ದೊಡ್ಡವರು. ನಡುವೆ ಐದೈದು ನಿಮಿಷದ ಬಿಡುವು, ಅಷ್ಟರಲ್ಲೇ ಒಂದು ತುಂಡು ಕಿಂಬಾಪ್ ಬಾಯಿಗೆ. ಸಿಯೋಲ್ ನಗರದಲ್ಲಂತೂ ರಾತ್ರಿ 10ರ ಮೇಲೆ ಹಾಗ್ವನ್ ನಡೆಸಬಾರದೆಂದೇ ಕಾನೂನು ಮಾಡಬೇಕಾಯಿತು. ಅದನ್ನು ಪ್ರಶ್ನಿಸಿದವರಿಗೆ 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಕಾನೂನು ಸರಿಯಾಗಿಯೇ ಇದೆ ಎಂದಿತು. ಮನೆಗೆ ಬಂದರೆ ಸಂಸ್ಥೆಯೇ ಕೊಟ್ಟ ಒಂಟಿ ಕೋಣೆ. ತಿಂಗಳ ಕೊನೆಗೆ ಪ್ರತಿ ಮಗುವಿನ ಬಗ್ಗೆ ತಾಯಿತಂದೆಯರಿಗೆ ವರದಿ ಬರೆಯಬೇಕು. ಕರಾರು ಒಂದು ವರ್ಷಕ್ಕೆ. ಮುಗಿದರೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡಬೇಕು, ಅದನ್ನು ಉಳಿಸಲು ಹನ್ನೊಂದನೇ ತಿಂಗಳಲ್ಲೇ ಕಳಿಸುವ ಮಾಲಕರೂ ಇದ್ದಾರೆಂಬ ದೂರು ಹಳೆಯದು. ಮಕ್ಕಳು ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಟೀಚರ್" ಎನ್ನುತ್ತಾರೆ, ನಮ್ಮ ಮಕ್ಕಳ ಹಾಗೆಯೇ.

ಒಂದು ದಿನ ಹುಡುಗನೊಬ್ಬನನ್ನು ಇಂಗ್ಲಿಷಿನಲ್ಲಿ "ಹೋಂವರ್ಕ್ ಮಾಡಿಲ್ವಾ?" ಎಂದು ಕೇಳಿದನಂತೆ. ಹುಡುಗ "ಯೆಸ್" ಎಂದ. ಮಾಡಿದ್ದಾನೆಂದು ತಿಳಿದು ಇವನು ಶಹಬ್ಬಾಸ್ ಹೇಳಿದ. ಪುಸ್ತಕ ಬಿಚ್ಚಿದರೆ ಖಾಲಿ! ಸುಳ್ಳು ಹೇಳುತ್ತೀಯಾ ಎಂದು ಗದರಿದ. ಹುಡುಗ ಕಣ್ಣು ಕಣ್ಣು ಬಿಟ್ಟ. ಕೊನೆಗೆ ಪಕ್ಕದ ಕ್ಲಾಸಿನ ಕೊರಿಯನ್ ಟೀಚರ್ ಬಂದು ಬಿಡಿಸಿ ಹೇಳಬೇಕಾಯಿತು. ಕೊರಿಯನ್ನಿನಲ್ಲಿ ಇಂಥ ಪ್ರಶ್ನೆಗೆ "ಹೌದು" ಎಂದರೆ "ಹೌದು, ಮಾಡಿಲ್ಲ" ಎಂದರ್ಥ. ನಮ್ಮ ಹಿಂದಿನ ಬೆಂಚಿನವರೂ "ಹೌದು ಸರ್, ಮಾಡಿಲ್ಲ" ಎನ್ನುವುದಿಲ್ಲವೇ? ಇಂಗ್ಲಿಷಿನಲ್ಲಿ ಅಲ್ಲಿ "ನೋ" ಎನ್ನಬೇಕು. ಹುಡುಗ ಸುಳ್ಳು ಹೇಳಿರಲಿಲ್ಲ. ತನ್ನ ಭಾಷೆಯಲ್ಲಿ ಯೋಚಿಸಿ ನಿಜವನ್ನೇ ಹೇಳಿದ್ದ.

ಇಲ್ಲಿ ನಾವು ಗಮನಿಸಬೇಕಾದದ್ದು ಆ ಪಕ್ಕದ ಕ್ಲಾಸಿನ ಟೀಚರನ್ನು. ಹಾಗ್ವನ್ ನಡೆಯುವುದು ಅವರಿಂದ. ವ್ಯಾಕರಣವನ್ನು ಕೊರಿಯನ್ನಿನಲ್ಲಿ ಬಿಡಿಸಿ ಹೇಳುವವರು ಅವರು, ತಾಯಂದಿರ ಫೋನಿಗೆ ಉತ್ತರಿಸುವವರು ಅವರು, ಅಳುವ ಮಗುವನ್ನು ಕೇಳುವವರೂ ಅವರೇ. ಹೊರದೇಶದವನದ್ದು ಮಾತು, ಉಚ್ಚಾರ, ಅಷ್ಟೇ. ಇನ್ನೊಂದು ಸಂಗತಿ. ಈ ಮಗು ಬೆಳಗ್ಗಿನಿಂದ ತನ್ನ ಶಾಲೆಯಲ್ಲಿ ಗಣಿತ, ವಿಜ್ಞಾನ, ಚರಿತ್ರೆ ಎಲ್ಲವನ್ನೂ ಕೊರಿಯನ್ನಿನಲ್ಲೇ ಕಲಿತು ಬಂದಿರುತ್ತದೆ. 1997ರಿಂದ ಮೂರನೇ ತರಗತಿಯಲ್ಲಿ ಇಂಗ್ಲಿಷ್ ಇದೆ, ಆದರೆ ಒಂದು ವಿಷಯವಾಗಿ. ಹಾಗಾಗಿ ಕೆನಡಾದವನಿಗೆ ಕೊರಿಯನ್ ಬಾರದಿದ್ದರೂ ಮಗು ಮುಳುಗುವುದಿಲ್ಲ.

ಅಲ್ಲಿಗೆ ಹೋದ ಹೊರಗಿನ ಮಾಸ್ಟ್ರುಗಳೆಲ್ಲ ಹೀಗೇ ಇದ್ದರೆಂದಲ್ಲ. 1886ರಲ್ಲಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವರು ಕೊರಿಯಾದ ಅರಸನ ಶಾಲೆಗೆ ಇಂಗ್ಲಿಷ್ ಕಲಿಸಲು ಹೋದರು. ಕಲಿಸಲು ಹೋದವರು ಮೊದಲು ತಾವೇ ಕಲಿತರು. ಕೆಲವೇ ವರ್ಷಗಳಲ್ಲಿ ಲೋಕದ ಭೂಗೋಳದ ಬಗ್ಗೆ ಕೊರಿಯನ್ನರ ಸ್ವಂತ ಲಿಪಿಯಾದ ಹಂಗುಲ್‌ನಲ್ಲೇ ಪಠ್ಯಪುಸ್ತಕ ಬರೆದರು. ಆಗ ಅಲ್ಲಿನ ಪಂಡಿತರು ಚೀನೀ ಲಿಪಿಯನ್ನೇ ದೊಡ್ಡದೆಂದು ತಿಳಿದು ತಮ್ಮ ಲಿಪಿಯನ್ನು ಕೀಳಾಗಿ ಕಾಣುತ್ತಿದ್ದ ಕಾಲ. 1905ರಲ್ಲಿ ಇವರು ಕೊರಿಯನ್ ಭಾಷೆಯನ್ನು ನಮ್ಮ ದ್ರಾವಿಡ ಭಾಷೆಗಳ ಜತೆ ಹೋಲಿಸಿ ಒಂದು ವ್ಯಾಕರಣವನ್ನೂ ತಂದರು. ಅವರ ನಂಟಿನ ವಾದವನ್ನು ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ. ಆದರೂ ಕೊರಿಯದ ಮಗು ತಂದೆಯನ್ನು "ಅಪ್ಪಾ" ಎಂದೇ ಕರೆಯುವಾಗ, ಕ್ರಿಯಾಪದವನ್ನು ನಮ್ಮಂತೆ ವಾಕ್ಯದ ತುದಿಗೆ ಇಡುವಾಗ, ಹಲ್ಬರ್ಟರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಸಮಾಧಿ ಸಿಯೋಲಿನಲ್ಲೇ ಇದೆ. ಮಂಗಳೂರಿನ ಕಡೆಯ ನಮಗೆ ಕಿಟೆಲರ ನೆನಪಾಗದೆ ಇರುತ್ತದೆಯೇ?

ಈಗ ನಮ್ಮೂರಿಗೆ ಬರೋಣ. ಇಲ್ಲಿಯ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದದ್ದು, ಮಕ್ಕಳು ಪಾಠ ಬಹಿಷ್ಕರಿಸಿದ್ದು, ತಾಯಿತಂದೆಯರು ಗೇಟಿನೆದುರು ಕುಳಿತದ್ದು ಒಮ್ಮೆ ಎರಡು ಬಾರಿಯಲ್ಲ. ಆಗೆಲ್ಲ ನಮಗೆ ಸಿಗುವ ಸಮಾಧಾನ ಒಂದೇ: "ಅವರೂ ಕ್ರಮೇಣ ಕಲಿಯುತ್ತಾರೆ ಬಿಡಿ, ಲೋಕದಲ್ಲಿ ಎಲ್ಲೆಲ್ಲೂ ಹೊರಗಿನವರು ಪಾಠ ಮಾಡುವುದಿಲ್ಲವೇ?"

ಮಾಡುತ್ತಾರೆ. ಆದರೆ ಅವರು ಮಾಡುವುದು ಸಂಜೆಯ ಒಂದು ಗಂಟೆಯ ಪಾಠ, ಅದೂ ತಮ್ಮದೇ ಭಾಷೆಯ ಪಾಠ, ಪಕ್ಕದಲ್ಲಿ ಮಗುವಿನ ಭಾಷೆ ಬಲ್ಲವರೊಬ್ಬರನ್ನು ಇಟ್ಟುಕೊಂಡು. ನಮ್ಮಲ್ಲಿ ಬರುವವರು ಮಾಡಬೇಕಾದದ್ದು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಗಣಿತ, ವಿಜ್ಞಾನ, ಸಮಾಜ. ಪಠ್ಯಪುಸ್ತಕ ಕನ್ನಡದಲ್ಲಿ, ಮಗು ಉತ್ತರ ಬರೆಯುವುದು ಕನ್ನಡದಲ್ಲಿ, ಪಾಠ ಮಾತ್ರ ಇನ್ನೊಂದರಲ್ಲಿ. "ಸರ್, ಅರ್ಥವಾಗಲಿಲ್ಲ" ಎಂದು ಮಗು ಹೇಳಿದರೆ ಆ ಮಾತೇ ಅರ್ಥವಾಗದವರು ಎದುರಿಗೆ! ಬಿಡಿಸಿ ಹೇಳಲು ಪಕ್ಕದ ಕ್ಲಾಸಿನಿಂದ ಯಾರೂ ಬರುವುದಿಲ್ಲ.

ಬಂದವರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಹೊಟ್ಟೆಪಾಡಿಗೆ ಬಂದವರು, ಕೆಲವರಂತೂ ನಮ್ಮ ಜತೆಯಲ್ಲೇ ಕೂತು ಕಾಗುಣಿತ ತಿದ್ದಿದವರು. ಅಂಥವರನ್ನು ನಾವು ಗೌರವಿಸುತ್ತೇವೆ. ಆದರೆ ಕಲಿಯುವುದು ತರಗತಿಗೆ ಕಾಲಿಡುವ ಮೊದಲು ಆಗಬೇಕು. ಅದುವರೆಗಿನ ನಷ್ಟವನ್ನು ಹತ್ತನೇ ತರಗತಿಯ ಮಗು ಏಕೆ ಹೊರಬೇಕು? ಲಕ್ಷಗಟ್ಟಲೆ ಕೋಟಿ ಸುರಿದು ಇಂಗ್ಲಿಷಿನ ಹಿಂದೆ ಓಡುವ ಕೊರಿಯಾ ಕೂಡ ಮಗುವಿನ ಭಾಷೆ ಬಲ್ಲವರನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದೆ. ನಾವು ಕೇಳುತ್ತಿರುವುದು ಅದಕ್ಕಿಂತ ಹೆಚ್ಚೇನಲ್ಲ.

ನಿಮ್ಮ ಶಾಲೆಯಲ್ಲಿ ಹೇಗಿದೆ? ಮುಂದಿನ ಪಿ.ಟಿ.ಎ. ಸಭೆಯಲ್ಲಿ ಈ ಮಾತು ಎತ್ತುತ್ತೀರಲ್ಲ?